ಕಥಿ ಅಕ್ಕನ ದನಿ

ಬೆಂಗೇರಿ, ಹುಬ್ಬಳ್ಳಿ
೧೪ ಜೂನ್ ೨೦೨೫

ಸುಕನ್ಯಾ,

ಈ ಅಕ್ಷರ ಯಾರದೆಂದು ನಿನಗೆ ಹೊಳೆಯುತ್ತದೋ ಇಲ್ಲವೋ. ನಾನು ಆರತಿ. ದುರ್ಗದಬೈಲಿನಲ್ಲಿ ನಿಮ್ಮ ದೇವಕ್ಕ ಅತ್ತಿ ಸಿಕ್ಕಿದ್ದರು, ಅವರೇ ವಿಳಾಸ ಕೊಟ್ಟರು. ಫೋನ್ ನಂಬರೂ ಕೊಡಲು ಬಂದರು, ನಾನೇ ಬೇಡವೆಂದೆ. ಇಷ್ಟು ವರ್ಷಗಳ ಮೇಲೆ 'ಹಲೋ' ಅಂದ ನಂತರ ಮುಂದೇನು ಅನ್ನಬೇಕೆಂದು ತಿಳಿಯಲಿಲ್ಲ. ಕಾಗದವಾದರೆ ನಡುವೆ ನಿಂತು ಯೋಚಿಸಬಹುದು.

ನೀನು ಶಿಕ್ಷಕರ ತರಬೇತಿಗೆ ಹೊರಟಿದ್ದೆ, ನಾನು ಹಿಟ್ಟಿನ ಗಿರಣಿಯವರ ಮನೆ ಸೇರಿದೆ. ನನ್ನ ಮದುವೆಯ ಹಂದರದಲ್ಲಿ, ಗಂಡನ ಕಡೆಯವರೆಲ್ಲ ನಿಂತಿದ್ದಾಗ ನೀನು, "ಕಲ್ತ ಅಕ್ಷರಾನೂ ಗಿರಣ್ಯಾಗ ಹಾಕಿ ಬೀಸಿಬಿಡು" ಅಂದೆ. ಆಮೇಲೆ ನಾವು ಮಾತಾಡಲಿಲ್ಲ. ಅದನ್ನು ಕೆದಕಲು ಈ ಪತ್ರ ಬರೆಯುತ್ತಿಲ್ಲ. ನನ್ನ ಮಗಳಿಗಾಗಿ ಬರೆಯುತ್ತಿದ್ದೇನೆ.

ಭಾಗ್ಯಶ್ರೀಗೆ ಒಂಬತ್ತು ವರ್ಷ, ಕನ್ನಡ ಶಾಲೆಯಲ್ಲಿ ನಾಲ್ಕನೆಯ ವರ್ಗ. ಗಿರಣಿಯ ಸದ್ದಿನಲ್ಲಿ ಬೆಳೆದದ್ದಕ್ಕೋ ಏನೋ, ಮನೆಯಲ್ಲಿ ಮಾತೆಲ್ಲ ಜೋರು. ಆದರೆ ಓದು ಹತ್ತುವುದಿಲ್ಲ. ಬಿಡಿ ಅಕ್ಷರ ಗುರುತಿಸುತ್ತಾಳೆ, ಒತ್ತಕ್ಷರ ಬಂದರೆ ಅಲ್ಲೇ ನಿಲ್ಲುತ್ತಾಳೆ. ಹೋದ ಫೆಬ್ರವರಿಯಲ್ಲಿ ಪಾಠದ ತಾಸಿನಲ್ಲಿ ಅವರ ಅಕ್ಕೋರು ಇವಳಿಗೆ ಎದ್ದು ನಿಂತು ಓದಲು ಹೇಳಿದರಂತೆ. ಇವಳು ತಡವರಿಸಿದಳು, ವರ್ಗವೆಲ್ಲ ನಕ್ಕಿತು. ಅಂದಿನಿಂದ ಶಾಲೆಯಲ್ಲಿ ಬಾಯಿಯೇ ಬಿಡುವುದಿಲ್ಲ. ಹಾಜರಿಗೂ ಕೈ ಮಾತ್ರ ಎತ್ತುತ್ತಾಳೆ. ಕೇಳಿದರೆ "ಗಂಟಲಾ ನೋಯ್ತತಿ" ಅನ್ನುತ್ತಾಳೆ. ಡಾಕ್ಟರಿಗೆ ತೋರಿಸಿದೆವು, ಗಂಟಲಿಗೆ ಏನೂ ಆಗಿಲ್ಲ. ಹೀಗೇ ಇದ್ದರೆ ದಸರೆಯ ನಂತರ ಓದಿನ ತಾಸಿಗೆ ಎರಡನೆಯ ವರ್ಗದ ಮಕ್ಕಳ ಜೊತೆ ಕೂಡಿಸುತ್ತೇವೆ ಎಂದು ಶಾಲೆಯವರು ಹೇಳಿದ್ದಾರೆ.

ಬೇಸಿಗೆಯ ಸೂಟಿಯಲ್ಲಿ ನೆರೆಮನೆಯ ಮಾಶಾಬಿಯ ಮಗಳು ನನ್ನ ಫೋನಿನಲ್ಲಿ 'ಓದುಗೂಡು' ಅನ್ನುವ ಜಾಲತಾಣ ತೆಗೆದುಕೊಟ್ಟಳು. ಮಕ್ಕಳ ಕಥೆಗಳು, ಮೇಲೆ ಚಿತ್ರ, ಕೆಳಗೆ ನಾಲ್ಕು ಸಾಲು. ಯಾರೋ ಓದುತ್ತಾ ಹೋದಂತೆ ಓದಿದ ಶಬ್ದ ಬಣ್ಣ ತಿರುಗುತ್ತದೆ. ಭಾಗ್ಯಾ ಒಂಟಿ ಕಿವಿಯ ಆಡಿನ ಕಥೆ ಒತ್ತಿದಳು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. "ಬರ್ರಿ, ಹತ್ರ ಕುಂದರ್ರಿ. ಗದ್ದಲ ಮಾಡಬ್ಯಾಡ್ರಿ, ಆಡಿಗೆ ಒಂದ ಕಿವಿ ಐತಿ" ಅಂತ ದನಿ ಬಂತು. ನನ್ನ ಕೈ ಹಿಟ್ಟಿನ ಮೇಲೇ ನಿಂತಿತು. ಊರಿಂದ ನಾವಿಬ್ಬರೂ ಮಾಳಮಡ್ಡಿಯ ಶಾಲೆಗೆ ಬರುವಾಗ ಬಸ್ಸಿನ ಕಿಟಕಿಯಿಂದ ಅಂಗಡಿಯ ಬೋರ್ಡುಗಳನ್ನೆಲ್ಲ ಓದುತ್ತಿದ್ದ ನಿನ್ನ ದನಿ. ಕೆಳಗೆ 'ಬರೆದು ಓದಿದವರು: ಸು., ಕೆಲಗೇರಿ' ಎಂದಿತ್ತು. ಅದನ್ನು ನೋಡುವ ಮೊದಲೇ ನನಗೆ ತಿಳಿದಿತ್ತು.

ಈಗ ನೀನು ನಮ್ಮ ಮನೆಯಲ್ಲಿ 'ಕಥಿ ಅಕ್ಕ'. ಬೆಳಿಗ್ಗೆ ಸಂಜೆ ನಿನ್ನದೇ ಕಥೆ. ಭಾಗ್ಯಾ ಪರದೆಯ ಮೇಲೆ ಬೆರಳಿಟ್ಟು ನಿನ್ನ ಜೊತೆ ಹೇಳುತ್ತಾಳೆ. ಆದರೆ ನಾನು ಫೋನು ಮುಚ್ಚಿಟ್ಟರೂ ಕಥೆ ಮೊದಲಿಂದ ಕೊನೆಯವರೆಗೆ ಬರುತ್ತದೆ! ನಮ್ಮ ಅತ್ತೆ ಶಿವಬಸವ್ವ, "ಗಿಳಿಗೆ ಕಲಿಸಿದಂಗ ಆತು. ಇದು ಓದಲ್ಲ, ಮೊಬೈಲ ಹಾಡಿಸೂದು" ಅನ್ನುತ್ತಾರೆ. ನನಗೂ ಹೆದರಿಕೆ. ಇದು ಓದೋ, ಬಾಯಿಪಾಠವೋ? ಮುಂದೆ ನಾನು ಏನು ಮಾಡಬೇಕು?

ಇನ್ನೊಂದು. ದೀಪಾವಳಿಯ ನಂತರ ನಿನ್ನ ಹೊಸ ಕಥೆ ಒಂದೂ ಇಲ್ಲ. "ಕಥಿ ಅಕ್ಕ ಊರಿಗೆ ಹೋಗ್ಯಾರೇನು?" ಎಂದು ಭಾಗ್ಯಾ ಕೇಳುತ್ತಾಳೆ. ನಾನು ಏನು ಹೇಳಲಿ?

ಆರತಿ


ಕೆಲಗೇರಿ, ಧಾರವಾಡ
೨ ಜುಲೈ ೨೦೨೫

ಆರತಿ,

ಅಕ್ಷರ ನೋಡಿದ ಕೂಡಲೇ ತಿಳಿಯಿತು. 'ರ' ಇನ್ನೂ ಬಾಲ ಬಿಟ್ಟುಕೊಂಡೇ ಇದೆ.

ಬಾಯಿಪಾಠಕ್ಕೆ ಹೆದರಬೇಡ. ಕಥೆ ಮೊದಲು ಕಿವಿಯಿಂದ ಬಾಯಿಗೆ ಬರಬೇಕು, ಆಮೇಲೆ ಕಣ್ಣಿಗೆ. ಈಗ ಬಾಯಿಗೆ ಬಂದಿದೆ. ಓದುಗೂಡಿನಲ್ಲಿ ಪ್ರತಿ ಕಥೆಯನ್ನೂ ಮುದ್ರಿಸಿಕೊಳ್ಳಲು ಬರುತ್ತದೆ. ಆಡಿನ ಕಥೆಯ ಹಾಳೆ ತೆಗೆಸು. ಒಂದೊಂದು ಸಾಲು ಕತ್ತರಿಸಿ ಕಲಸಿಬಿಡು, ಅವಳು ಜೋಡಿಸಲಿ. ಆಗ ಕಣ್ಣಿಗೆ ಕೆಲಸ ಬರುತ್ತದೆ. ದನಿಯನ್ನು ಅರ್ಧಕ್ಕೆ ನಿಲ್ಲಿಸಿ ಮುಂದಿನ ಸಾಲು ಅವಳಿಗೆ ಬಿಡು. ತಪ್ಪಿದರೆ ತಿದ್ದಬೇಡ. ಕಥೆ ಕೆಟ್ಟರೆ ಅವಳೇ ಹಿಂದೆ ಬರುತ್ತಾಳೆ.

ಬರೆಸುವುದಾದರೆ ನಕಲು ಬರೆಸಬೇಡ. ಯಾರಿಗಾದರೂ ಬೇಕಾದದ್ದನ್ನು ಬರೆಯಲಿ. ನಿಮ್ಮದು ಗಿರಣಿ ಅಂದಮೇಲೆ ಬರೆಯಲು ಬಹಳ ಇರುತ್ತದೆ. ಓದುಗೂಡಿನಲ್ಲೂ ಚಿತ್ರ ಆರಿಸಿ ತಮ್ಮದೇ ಕಥೆ ಬರೆಯುವ ಜಾಗವಿದೆ, ಆದರೆ ಅವಸರ ಬೇಡ. ಮತ್ತು ದಿನಾ ಸ್ವಲ್ಪ ಹೊತ್ತು ನೀನೂ ಅವಳ ಪಕ್ಕದಲ್ಲಿ ಕೂಡಬೇಕು. ಫೋನು ಕೊಟ್ಟು ಒಲೆಯ ಮುಂದೆ ಹೋದರೆ ನಿಮ್ಮ ಅತ್ತೆ ಹೇಳಿದಂತೆಯೇ ಆಗುತ್ತದೆ.

ಹೊಸ ಕಥೆ ಈಗಿಲ್ಲ. ಊರಿಗೆ ಹೋಗಿದ್ದಾರೆಂದೇ ಹೇಳು.

ದಯವಿಟ್ಟು ಫೋನ್ ಮಾಡಬೇಡ.

ಸುಕನ್ಯಾ


ಬೆಂಗೇರಿ
೧೦ ಆಗಸ್ಟ್ ೨೦೨೫

ಸುಕನ್ಯಾ,

ಫೋನ್ ಮಾಡಬೇಡವೆಂದು ನೀನು ಬರೆಯುವ ಅವಶ್ಯಕತೆ ಇರಲಿಲ್ಲ. ನಾನೇನೂ ಮಾಡುವವಳಿರಲಿಲ್ಲ. ಆ ಒಂದು ಸಾಲು ಓದಿ ಪತ್ರವನ್ನು ಜೋಳದ ಚೀಲದ ಮೇಲೆ ಇಟ್ಟು ಬಂದೆ. ನಾಲ್ಕು ದಿನ ಮುಟ್ಟಲಿಲ್ಲ. ಆಮೇಲೆ ಹಠ ಬಿಟ್ಟು ನೀನು ಹೇಳಿದ ಹಾಗೆಯೇ ಮಾಡಿದೆ. ಅದರ ಸುದ್ದಿ ನಿನಗೆ ತಿಳಿಸಬೇಕಲ್ಲ.

ಸಾಲು ಕತ್ತರಿಸಿ ಕಲಸಿದ ಮೊದಲ ದಿನ ಭಾಗ್ಯಾ ಅತ್ತಳು. ಎರಡನೆಯ ದಿನ ಸಿಟ್ಟಾದಳು. ಪಂಚಮಿಯ ಹೊತ್ತಿಗೆ, ನಾನು ಉಂಡಿ ಕಟ್ಟುತ್ತಿದ್ದಾಗ, ತಾನೇ ಬಂದು ಚೀಟಿಗಳನ್ನು ನೆಲದ ಮೇಲೆ ಹಾಸಿಕೊಂಡು ಕುಳಿತಳು. 'ಕೊಂಬು' ಅನ್ನುವುದನ್ನು ಹುಡುಕಿ ಹಿಡಿದು, "ಮಮ್ಮಿ, ಇದಕ್ಕ ಖರೇನ ಕೊಂಬು ಐತಿ ನೋಡು" ಅಂದಳು. 'ಬು'ದ ಪಕ್ಕದ ಗುರುತನ್ನು ತೋರಿಸಿ! ಬ ಕೊಂಬು ಬು ಎಂದು ಕೂಗಿ ಕಲಿತರೂ ನಮಗೆ ಅದು ಹಾಗೆ ಕಂಡಿರಲಿಲ್ಲ.

ಬರೆಯುವ ಕೆಲಸಕ್ಕೆ ಗಿರಣಿಗೆ ಬಂದ ಡಬ್ಬಿಗಳ ಮೇಲೆ ಸುಣ್ಣದಕಡ್ಡಿಯಿಂದ ಹೆಸರು ಬರೆಯಲು ಹಚ್ಚಿದೆ. ಮೊದಲ ದಿನವೇ ಪೇಚಾಟ. ನಮ್ಮ ಓಣಿಯ ಹಿರಿಯರು ಸಿದ್ಧಾರೂಢ ಕಾಕಾ ತಮ್ಮ ಡಬ್ಬಿ ಹುಡುಕುತ್ತ ನಿಂತರು. ಇವಳು 'ಸಿದಾರೂಡ' ಎಂದು ಬರೆದಿದ್ದಳು.

"ಇದು ಯಾರದವಾ?"

"ನಿಮ್ದರಿ ಕಾಕಾ."

"ನಂದಲ್ಲ. ನನಗ ಎರಡ ಬಾಲ ಅದಾವ. ಒಂದು ದ ಕೆಳಗ, ಒಂದು ಢ ಹೊಟ್ಟ್ಯಾಗ. ಎಲ್ಲಿ ಕತ್ತರಿಸಿ ಒಗದಿ?"

ಇವಳು ನಕ್ಕಳು, ಅವರೂ ನಕ್ಕರು. ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಡಬ್ಬಿಯ ಮೇಲೆ ಬೆರಳಿನಿಂದ ಬರೆದು ತೋರಿಸಿದರು. ನಗುವವರ ನಡುವೆ ಅವಳೂ ನಕ್ಕಿದ್ದು ಎಷ್ಟೋ ತಿಂಗಳ ಮೇಲೆ.

ಅತ್ತೆಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಹೋದ ವಾರ ಪೂರ್ತಿ ಕಥೆ ಕೇಳಿ, ತಪ್ಪು ಎಂದುಬಿಟ್ಟರು. ಕಳೆದ ಕಿವಿ ಕೊನೆಗೆ ಕೊಂಬಿನ ಹಿಂದೆ ಮಡಚಿಕೊಂಡಿತ್ತು ಎಂದು ನಿನ್ನ ಕಥೆ ಮುಗಿಯುತ್ತದಲ್ಲ, ಅದು ಅವರಿಗೆ ಹಿಡಿಸಲಿಲ್ಲ. "ಹೋದ ಕಿವಿ ಹೊಳ್ಳಿ ಬರ್ತತೇನು? ಕಥಿ ಕಟ್ಟಾಕ್ಕಿ ಆಡು ಸಾಕಿಲ್ಲ ಬಿಡು" ಅಂದರು. ಹಾಗಾದರೆ ನಿನ್ನ ಕಥಿ ಹೇಳು ಎಂದು ಭಾಗ್ಯಾ ಗಂಟು ಬಿದ್ದಿದ್ದಾಳೆ.

ಶಾಲೆಯಲ್ಲಿ ಬಾಯಿ ಇನ್ನೂ ಮುಚ್ಚಿಯೇ ಇದೆ. ಆದರೆ ನಿನಗೊಂದು ಕಾಗದ ಬರೆಯುತ್ತೇನೆಂದು ಅವಳೇ ಹಠ ಮಾಡಿದಳು. ನಾನು ಒಂದಕ್ಷರವನ್ನೂ ತಿದ್ದಿಲ್ಲ. ಇದರೊಂದಿಗೆ ಇಟ್ಟಿದ್ದೇನೆ.

ಆರತಿ

*

ಕತಿ ಅಕ್ಕಾಗ,

ನಾ ಭಾಗ್ಯಶ್ರಿ. ನಿಮ್ಮ ಆಡಿನ ಕತಿ ನಂಗ ಬರತತಿ. ನೀವು ಹೊಸ ಕತಿ ಯಾಕ ಹೇಳವಲ್ರಿ. ಸಾಲ್ಯಾಗ ನಾನೂ ಮಾತಾಡೂದಿಲ್ಲ. ನಿಮಗೂ ಯಾರರ ನಕ್ಕಾರನು. ನಕ್ಕರ ನಮ್ಮ ಮನಿಗೆ ಬರ್ರಿ. ಗಿರಣಿ ಸದ್ದಿನಾಗ ಯಾರು ನಕ್ಕರೂ ಕೇಳಸೂದಿಲ್ಲ.

ಭಾಗ್ಯ


ಕೆಲಗೇರಿ
೬ ಸೆಪ್ಟೆಂಬರ್ ೨೦೨೫

ಆರತಿ,

ಭಾಗ್ಯಾಳ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಅವಳಿಗೆ ಸುಳ್ಳು ಬರೆಯಲು ಮನಸ್ಸು ಬರಲಿಲ್ಲ. ಆದ್ದರಿಂದ ನಿನಗೆ ನಿಜ ಬರೆಯುತ್ತಿದ್ದೇನೆ. ಅವಳಿಗೆ ಎಷ್ಟು ಹೇಳಬೇಕೆಂಬುದು ನಿನಗೆ ಬಿಟ್ಟದ್ದು.

ಹೋದ ಡಿಸೆಂಬರಿನಲ್ಲಿ ಗಂಟಲಿನ ಥೈರಾಯ್ಡ್ ಗಂಟು ತೆಗೆಸಿದೆ. ಗಂಟು ದನಿಯ ನರಕ್ಕೆ ಅಂಟಿಕೊಂಡಿತ್ತು. ಹೀಗಾಗಬಹುದೆಂದು ಡಾಕ್ಟರು ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಂಡಿದ್ದರು, ಯಾರದೂ ತಪ್ಪಿಲ್ಲ. ಜೀವಕ್ಕೆ ಭಯವಿಲ್ಲ ಈಗ. ದನಿ ಹೋಯಿತು. ಪಕ್ಕದಲ್ಲಿ ಕುಳಿತವರಿಗೆ ಗಾಳಿ ಊದಿದಂತೆ ಕೇಳುತ್ತದೆ, ಫೋನಿನಲ್ಲಂತೂ ಏನೂ ಕೇಳುವುದಿಲ್ಲ. ಅದಕ್ಕೇ ಫೋನ್ ಮಾಡಬೇಡ ಎಂದದ್ದು. ದೇವಕ್ಕ ಅತ್ತಿಗೂ ಇದನ್ನು ಹೇಳಿಲ್ಲ. ನಿನಗೆ ಹೇಗೆ ಅನ್ನಿಸೀತು ಎಂದು ಬರೆಯುವಾಗ ಹೊಳೆಯಲಿಲ್ಲ.

ನಮ್ಮ ಶಾಲೆಯವರು ಒಳ್ಳೆಯವರು, ನನ್ನನ್ನು ಬಿಡಲಿಲ್ಲ. ಪುಸ್ತಕದ ಖೋಲಿಯಲ್ಲಿ ಕೂಡಿಸಿದ್ದಾರೆ. ಗೋಡೆಯ ಆಚೆ ಬೇರೆಯವರು ನನ್ನ ವರ್ಗಕ್ಕೆ ಪಾಠ ಮಾಡುತ್ತಾರೆ. ಒಮ್ಮೆ ಅವರು ಮಕ್ಕಳಿಗೆ ಓದುಗೂಡಿನಿಂದ ನನ್ನದೇ ಕಥೆ ಹಚ್ಚಿದರು. "ಬರ್ರಿ, ಹತ್ರ ಕುಂದರ್ರಿ" ಎಂದು ಗೋಡೆಯ ಆಚೆಯಿಂದ ನಾನೇ ಕರೆಯುತ್ತಿದ್ದೆ. ಸತ್ತವರ ದನಿ ಕೇಳಿದ ಹಾಗಾಯಿತು. ಎದ್ದು ಮನೆಗೆ ಬಂದುಬಿಟ್ಟೆ.

ಆ ವಾರವೇ ಓದುಗೂಡು ನಡೆಸುವವರಿಗೆ ಬರೆದೆ, ನನ್ನ ದನಿಯನ್ನೆಲ್ಲ ತೆಗೆದುಬಿಡಿ ಎಂದು. ಒಪ್ಪಿದ್ದಾರೆ. ಅವರ ಕೆಲಸ ನಿಧಾನ, ಈ ತಿಂಗಳ ಕೊನೆಗೆ ತೆಗೆಯುತ್ತಾರೆ. ಓದಲು ಕಥೆ ಇರುತ್ತದೆ, ದನಿ ಇರುವುದಿಲ್ಲ. ನಿನ್ನ ಮೊದಲ ಪತ್ರ ಬಂದಾಗಲೇ ಇದನ್ನು ಹೇಳಬೇಕಿತ್ತೇನೋ. ಬೆಂಗೇರಿಯಲ್ಲಿ ಒಂದು ಮಗು ಬೆರಳಿಟ್ಟುಕೊಂಡು ಕೂತಿದೆ ಎಂದು ನೀನು ಬರೆದ ಮೇಲೆ ಎರಡು ಸಲ ಅವರಿಗೆ 'ಇರಲಿ ಬಿಡಿ' ಎಂದು ಬರೆಯಲು ಕುಳಿತೆ. ಆಗಲಿಲ್ಲ, ಆರತಿ.

ಭಾಗ್ಯಾಳಿಗೆ, ಯಾರೂ ನಕ್ಕಿಲ್ಲ ಎಂದು ಹೇಳು.

ಸುಕನ್ಯಾ


ಬೆಂಗೇರಿ
೧೨ ಅಕ್ಟೋಬರ್ ೨೦೨೫

ಸುಕನ್ಯಾ,

ನಿನ್ನ ಪತ್ರ ಓದಿ ನನ್ನ ಮನೆಯವರಿಗೆ ಕೊಟ್ಟೆ. ಅವರು ಓದಿ ಅವರ ಅವ್ವನಿಗೆ ಹೇಳಿದರು. ಅತ್ತೆ, "ಆ ಹುಡುಗಿನ್ನ ನಾ ಸುಮ್ನ ಬೈದೆ" ಅಂದರು. ದನಿ ಇರಲಿ ಎಂದು ನಿನಗೆ ಬರೆಯಬಹುದಿತ್ತು. ಬರೆಯಲಿಲ್ಲ. ನಿನ್ನ ಗಂಟಲು, ನಿನ್ನ ದನಿ. ನನ್ನ ಮಗಳಿಗೆ ಬೇಕೆಂದು ನಿನಗೆ ನೋವು ಕೊಡಲು ನಾನು ಯಾರು?

ದಸರೆಯ ಸೂಟಿಯಲ್ಲಿ ಒಂದು ದಿನ ದನಿ ಬರಲಿಲ್ಲ. ಭಾಗ್ಯಾ ದನಿ ಬರಲು ಒತ್ತುವ ಕಿವಿಯ ಗುರುತನ್ನು ಒತ್ತಿದಳು, ಒತ್ತಿದಳು, ಫೋನು ಒರೆಸಿ ಮತ್ತೆ ಒತ್ತಿದಳು. ಹತ್ತಿರ ಕೂಡಿಸಿಕೊಂಡು ಹೇಳಿದೆ, "ಅಕ್ಕನ ಗಂಟಲಕ್ಕ ಆಪರೇಶನ್ ಆಗೇತವಾ. ದನಿ ಸಣ್ಣ ಆಗೇತಿ. ಹಳೇ ದನಿ ಕೇಳಿದ್ರ ಅವರಿಗೆ ತ್ರಾಸ ಆಗ್ತತಿ. ಅದಕ್ಕ ತಗಿಸ್ಯಾರ."

"ನಾ ಸಣ್ಣಗ ಇಟ್ಟು ಕೇಳ್ತಿದ್ನೆಲ್ಲ ಮಮ್ಮಿ, ಅವರಿಗೆ ಹೆಂಗ ಕೇಳಸ್ತಿತ್ತು?"

ಆಮೇಲೆ ಅವಳು ಫೋನು ಮುಟ್ಟಲೇ ಇಲ್ಲ. ಡಬ್ಬಿಗಳ ಮೇಲೆ ಹೆಸರು ಬರೆಯುವುದನ್ನೂ ಬಿಟ್ಟಳು. ಎಲ್ಲ ಹೋಯಿತು, ಮತ್ತೆ ಮೊದಲಿನ ಜಾಗಕ್ಕೇ ಬಂದೆವು ಎಂದುಕೊಂಡೆ. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನಿನ್ನ ಮೇಲೆ ಸಿಟ್ಟು ಬಂದಿತ್ತು.

ಹೋದ ಗುರುವಾರ ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತು. ಓಣಿಯ ಕಾಸಿಮಸಾಬ ಗೋಧಿ ಡಬ್ಬಿ ಹಿಡಿದು ನಿಂತಿದ್ದರು. ಆ ಸದ್ದಿಲ್ಲದ ಹೊತ್ತಿನಲ್ಲಿ ಒಳಖೋಲಿಯಿಂದ, "ಬರ್ರಿ, ಹತ್ರ ಕುಂದರ್ರಿ" ಎಂದು ಕೇಳಿಸಿತು. ನಿನ್ನ ದನಿ ತಿರುಗಿ ಬಂದಿದೆ ಎಂದೇ ಓಡಿದೆ. ಭಾಗ್ಯಾ ಗೋಡೆಗೆ ಒರಗಿ ಕುಳಿತಿದ್ದಳು, ಮೊಣಕಾಲ ಮೇಲೆ ಫೋನು. ಅದು ಆಡಿನ ಕಥೆಯಲ್ಲ. ಬಾವಿಗೆ ಬಿದ್ದ ಕೊಡದ ಕಥೆ, ನಾವು ಯಾರೂ ಎಂದೂ ಕೇಳದ್ದು. ಒಂದೊಂದು ಶಬ್ದಕ್ಕೆ ನಿಲ್ಲುತ್ತಿದ್ದಳು, ಹಿಂದಕ್ಕೆ ಹೋಗುತ್ತಿದ್ದಳು, 'ಹಗ್ಗ' ಅನ್ನುವಲ್ಲಿ ಬಹಳ ಹೊತ್ತು ಜಗ್ಗಾಡಿದಳು. ಆದರೆ ಸುಕನ್ಯಾ, ಸಾಲು ಮುಗಿದಲ್ಲಿ ನೀನು ಉಸಿರು ತೆಗೆದುಕೊಳ್ಳುವ ಹಾಗೆಯೇ ತೆಗೆದುಕೊಳ್ಳುತ್ತಿದ್ದಳು. ಕೊಡ ಮುಳುಗುವಲ್ಲಿ ದನಿ ತಗ್ಗಿಸಿದಳು, ನೀನಾದರೂ ಹಾಗೆಯೇ ತಗ್ಗಿಸುತ್ತಿದ್ದೆ.

ಮನೆಯವರು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬಾಗಿಲಿಗೆ ಬಂದು ನಿಂತಿದ್ದರು. ಅಷ್ಟರಲ್ಲಿ ಕರೆಂಟು ಬಂತು. ಹೊರಗಿನಿಂದ ಕಾಸಿಮಸಾಬ ಕೂಗಿದರು, "ಕುಮಾರಸ್ವಾಮಿಯವರ, ಕರೆಂಟ ಬಂತಲ್ರಿ, ಹಚ್ಚವಲ್ರಿ ಯಾಕ?"

"ಸ್ವಲ್ಪ ತಡೀರಿ ಕಾಕಾ. ಕೊಡ ಇನ್ನೂ ಬಾವ್ಯಾಗ ಐತಿ" ಅಂದರು ಇವರು. ಕೊಡ ಮೇಲೆ ಬರುವವರೆಗೆ ಗಿರಣಿ ಹಚ್ಚಲಿಲ್ಲ. ಕಾಸಿಮಸಾಬರೂ ಡಬ್ಬಿ ಇಳಿಸಿ ಕೇಳುತ್ತ ನಿಂತರು.

ಅದಾದ ಮೇಲೆ ಅವಳಿಗೂ ಅವಳ ಆಯಿಗೂ, ಅಂದರೆ ನಮ್ಮ ಅತ್ತೆಗೂ, ಒಪ್ಪಂದವಾಗಿದೆ. ಆಯಿ ಹೇಳುವುದು, ಇವಳು ಓದುಗೂಡಿನಲ್ಲಿ ಬರೆಯುವುದು. ಆಡಿನ ಚಿತ್ರ ಆರಿಸಿ ಇಬ್ಬರೂ ಮೂರು ದಿನ ಕುಳಿತು ಬರೆದರು. ಅದನ್ನೇ ನಿನಗೆ ಕಾಗದದ ಮೇಲೂ ಬರೆದು ಕಳಿಸಿದ್ದಾಳೆ.

ನಿನ್ನ ಆರೋಗ್ಯ ನೋಡಿಕೋ. ನಿನ್ನ ಜೊತೆ ಯಾರಿದ್ದಾರೆ, ಊಟಕ್ಕೆ ಏನು ಮಾಡುತ್ತೀ, ಒಂದನ್ನೂ ನೀನು ಬರೆದಿಲ್ಲ.

ಆರತಿ

*

ಒಂದ ಕಿವಿ ಆಡು. ಹೇಳಿದವರು ನಮ್ಮ ಆಯಿ.

ಒಂದು ಆಡು ಇತ್ತು. ತೋಳ ಬಂದು ಅದರ ಕಿವಿ ಹರಕೊಂಡು ಹೋತು. ಕಿವಿ ಹೊಳ್ಳಿ ಬರಲಿಲ್ಲ. ಆಡು ಬಾಳ ಅತ್ತಿತು. ಆಮ್ಯಾಲ ಏನು ಆತು ಅಂದರ ಅದಕ್ಕ ಒಂದ ಕಡೆ ಕೇಳಸತಿದ್ದಿಲ್ಲ. ಅದಕ್ಕ ಯಾರರ ಮಾತಾಡಿದರ ಅದು ಪೂರ್ತಿ ಮೈ ಹೊಳ್ಳಿಸಿ ಅವರ ಮಾರಿ ನೋಡತಿತ್ತು. ಎರಡ ಕಿವಿ ಆಡು ಹುಲ್ಲು ತಿನಕೋತ ಕೇಳತಾವ. ಇದು ಹಂಗ ಮಾಡಾಂಗಿಲ್ಲ. ಅದಕ್ಕ ಊರಾಗಿನ ಮಂದಿ ಎಲ್ಲಾ ತಮ್ಮ ದುಕ್ಕ ಅದಕ್ಕ ಹೇಳಾಕ ಬರತಾರ. ಮುಗೀತು.


ಕೆಲಗೇರಿ
೨೫ ನವೆಂಬರ್ ೨೦೨೫

ಆರತಿ,

ನಿಮ್ಮ ಅತ್ತೆಯವರ ಆಡು ನನ್ನ ಮೇಜಿನ ಮೇಲೆ ಇದೆ. ಮೊದಲ ಸಲ ಓದಿದಾಗ ನಕ್ಕೆ, ನಗು ಹೊರಗೆ ಬರುವುದಿಲ್ಲ, ಭುಜ ಅಲುಗಾಡುತ್ತದೆ ಅಷ್ಟೆ. ಎರಡನೆಯ ಸಲ ಅಳು ಬಂತು. ಅವರಿಗೆ ಹೇಳು, ನಾನು ಆಡು ಸಾಕಿಲ್ಲ, ನಿಜ. ಕಥೆಯ ಕೊನೆಯನ್ನು ಸುಳ್ಳು ಮಾಡಿದ್ದೆ. ಮಕ್ಕಳಿಗೆ ಕಳೆದದ್ದೆಲ್ಲ ಸಿಗಬೇಕು ಎಂದುಕೊಂಡಿದ್ದೆ.

ದೀಪಾವಳಿಯ ಸೂಟಿ ಮುಗಿದ ಮೇಲೆ ಮುಖ್ಯೋಪಾಧ್ಯಾಯರ ಹತ್ತಿರ ಹೋಗಿ ಒಂದನೆಯ ವರ್ಗದ ಓದಿನ ತಾಸು ನನಗೆ ಕೊಡಿ ಎಂದು ಚೀಟಿ ಬರೆದುಕೊಟ್ಟೆ. ಅವರು ಅನುಮಾನಿಸಿದರು, ಆದರೂ ಒಪ್ಪಿದರು. ವರ್ಗಕ್ಕೆ ಹೋಗಿ ನಿಂತೆ. ಬಾಯಿ ತೆರೆದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಅಕ್ಕೋರ, ಕೇಳಸವಲ್ದು" ಅಂದಳು. ನಾನು ಹೋಗಿ ನೆಲದ ಮೇಲೆ ಕುಳಿತೆ. ಒಬ್ಬೊಬ್ಬರೇ ಬೆಂಚು ಬಿಟ್ಟು ಬಂದು ನನ್ನ ಸುತ್ತ ಕುಳಿತರು. ಒಬ್ಬ ನನ್ನ ಬಾಯಿಗೆ ಕಿವಿ ಹಚ್ಚಿಕೊಂಡು, ಕೇಳಿದ್ದನ್ನು ಉಳಿದವರಿಗೆ ಕೂಗಿ ಹೇಳಿದ. ಆಮೇಲೆ ಆ ಕೆಲಸ ತನಗೆ ಬೇಕೆಂದು ಎಲ್ಲರೂ ಜಗಳ ತೆಗೆದರು. ಅರ್ಧ ಪುಟ ಓದಿದೆವು. ಮನೆಗೆ ಬಂದು ಅಡ್ಡಾದೆ, ಅಷ್ಟು ದಣಿವು. ಆದರೆ ಮರುದಿನವೂ ಹೋದೆ.

ಹಳೆಯ ದನಿಯನ್ನು ತಿರುಗಿ ಹಾಕಿಸುವುದಿಲ್ಲ. ಅದನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ, ಮುಂದೆಯೂ ಬರುತ್ತದೆಂದು ಹೇಳಲಾರೆ. ಆದರೆ ಹೊಸದೊಂದು ಕಥೆ ಬರೆದಿದ್ದೇನೆ, ಇಷ್ಟು ದಿನದ ಮೇಲೆ. ಇದರ ಜೊತೆ ಇದೆ. ಇದಕ್ಕೆ ಓದುವವರು ಬೇಕು.

ನೀನು ಓದು, ಆರತಿ.

ಯಾಕೆ ನೀನು ಎಂದು ಕೇಳಬೇಡ. ಊರಿನ ಬಸ್ಸಿನಲ್ಲಿ ನಾನು ಬೋರ್ಡು ಓದುತ್ತಿದ್ದೆ ಎಂದು ಬರೆದಿದ್ದೀಯ. ನಾನು ತಪ್ಪು ಓದಿದರೆ ಪಕ್ಕದ ಸೀಟಿನಿಂದ ಹೇಳಿಕೊಡುತ್ತಿದ್ದವಳು ಯಾರೆಂದು ಬರೆದಿಲ್ಲ.

ಓದುಗೂಡಿನವರಿಗೆ ತಿಳಿಸಿದ್ದೇನೆ. ಆಡಿನ ಕಥೆಯನ್ನು 'ಹೇಳಿದವರು ಶಿವಬಸವ್ವ, ಬರೆದವರು ಭಾಗ್ಯಶ್ರೀ' ಎಂದು ಹಾಕುತ್ತಾರೆ. ಕಾಗುಣಿತವನ್ನು ಅವಳೇ ನೋಡಿ ತಿದ್ದಲಿ. ಸಂಕ್ರಾಂತಿಯ ಆಚೆ ಈಚೆ ಕೆಲಗೇರಿಗೆ ಬನ್ನಿ. ತಂಗಿಯ ಮನೆ ಪಕ್ಕದಲ್ಲೇ ಇದೆ, ಊಟ ಅಲ್ಲಿಂದ ಬರುತ್ತದೆ. ನೀನು ಕೇಳಿದ್ದಕ್ಕೆ ಉತ್ತರ.

ಸುಕನ್ಯಾ


ಬೆಂಗೇರಿ
೧೯ ಜನವರಿ ೨೦೨೬

ಸುಕನ್ಯಾ,

ನಿನ್ನೆಯಷ್ಟೇ ನಿಮ್ಮ ಮನೆಯಿಂದ ಬಂದವಳು ಇಂದೇ ಪತ್ರ ಬರೆಯುತ್ತಿರುವುದನ್ನು ಕಂಡು ನಮ್ಮ ಮನೆಯವರು ನಗುತ್ತಿದ್ದಾರೆ. ಎದುರಿಗೆ ಕುಳಿತಾಗ ಹೇಳಲಾಗದ್ದು ಇದೆ.

ನೀನು ಓದು ಎಂದು ಬರೆದ ಮೇಲೆ ಹೆಚ್ಚೂಕಡಿಮೆ ಎರಡು ತಿಂಗಳು ಉತ್ತರ ಬರೆಯಲಿಲ್ಲವಲ್ಲ. ಬರೆದು ಎರಡು ಸಲ ಹರಿದೆ. ನನಗೆ ಬರುವುದಿಲ್ಲ, ಬೇರೆ ಯಾರನ್ನಾದರೂ ಹುಡುಕು ಎಂದೇ ಬರೆದಿದ್ದೆ. ಅತ್ತೆ ಬಿಡಲಿಲ್ಲ. "ಎಳ್ಳಮವಾಸಿ ಮುಗೀಲಿ, ಕುಂದ್ರು" ಅಂದರು. ಗಿರಣಿ ನಿಲ್ಲಿಸಿ, ಬಾಗಿಲಿಗೆ ಕೌದಿ ತೂಗುಹಾಕಿ, ಒಳಖೋಲಿಯಲ್ಲಿ ಕುಳಿತೆವು. ಭಾಗ್ಯಾ ಫೋನು ಹಿಡಿದಳು. ನಾನು ಒಂದೇ ಉಸಿರಿಗೆ ಓದಿ ಮುಗಿಸಿದೆ. ಅತ್ತೆ, "ಯಾರರ ಬೆನ್ನ ಹತ್ತ್ಯಾರನವಾ? ಮಕ್ಕಳಿಗೆ ಹೇಳಾಕತ್ತಿ, ಸಾವಕಾಶ ಹೇಳು" ಅಂದರು. ಎರಡನೆಯ ಸಲ ಅವರೇ ಕೆಮ್ಮಿದರು. ಮೂರನೆಯ ಸಲ ಓಣಿಯಲ್ಲಿ ರೆಹಮತ್‌ಬಿ ಬಳೆ ಮಾರುತ್ತ ಕೂಗಿದಳು. ಆ ಮೂರನೆಯ ಓದನ್ನೇ ನಿನ್ನೆ ಫೋನಿನಲ್ಲಿ ನಿನ್ನ ಮುಂದೆ ಹಚ್ಚಿದ್ದು. ಬಳೆಯ ಕೂಗು ಇರಲಿ ಎಂದು ನೀನು ಕೈ ಮಾಡಿದೆ.

ಶಾಲೆಯ ಸುದ್ದಿಯನ್ನು ಭಾಗ್ಯಾ ನಿನಗೆ ಅರ್ಧ ಹೇಳಿದಳು. ದಸರೆಯ ನಂತರ ಹೇಳಿದಂತೆಯೇ ಎರಡನೆಯ ವರ್ಗದಲ್ಲಿ ಕೂಡಿಸಿದರು. ಅತ್ತೆ ಶಾಲೆಗೆ ಹೋಗಿ ಜಗಳಾಡಲು ಸೆರಗು ಕಟ್ಟಿದ್ದರು. ಭಾಗ್ಯಾ ಮೊದಲ ದಿನ ಮುಖ ಊದಿಸಿಕೊಂಡು ಬಂದಳು. ಆಮೇಲೊಂದು ದಿನ ಅಕ್ಕೋರು ಹೊರಗೆ ಹೋದಾಗ ಆ ಸಣ್ಣ ಮಕ್ಕಳು ಗದ್ದಲ ಹಚ್ಚಿದವಂತೆ. ಇವಳು ಎದ್ದು ನಿಂತು, "ಗದ್ದಲ ಮಾಡಬ್ಯಾಡ್ರಿ" ಅಂದಳು, ಪುಸ್ತಕ ತೆರೆದು ಓದಿದಳು. ಅಲ್ಲಿ ಯಾರೂ ನಗಲಿಲ್ಲ. ಅಷ್ಟು ತಿಂಗಳ ನಂತರ ಶಾಲೆಯಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು. ಈಗ ತನ್ನ ವರ್ಗಕ್ಕೆ ಹಿಂದಿರುಗು ಅಂದರೂ, ಓದಿನ ತಾಸಿಗೆ ಅಲ್ಲೇ ಹೋಗುತ್ತೇನೆ ಅನ್ನುತ್ತಾಳೆ. ಒತ್ತಕ್ಷರ ಇನ್ನೂ ತಪ್ಪುತ್ತದೆ. ಬರವಣಿಗೆಯಲ್ಲಂತೂ ನೀನೇ ನೋಡಿದ್ದೀ.

ಇಷ್ಟು ಬರೆದದ್ದು ನಿಜವಾಗಿ ಬರೆಯಬೇಕಾದದ್ದನ್ನು ಮುಂದೂಡಲು.

ನಿನ್ನೆ ನನ್ನ ಓದು ಮುಗಿದಾಗ ನೀನು ಕಣ್ಣು ಮುಚ್ಚಿಕೊಂಡಿದ್ದೆ. ಚೆನ್ನಾಗಿದೆ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಎದ್ದು ಒಳಗೆ ಹೋಗಿ ಎಳ್ಳು ಹೋಳಿಗೆ ತಂದೆ. ನಿನಗೆ ಹಿಡಿಸಲಿಲ್ಲ ಎಂದು ನಾನು ಅಂದುಕೊಂಡೆ. ನಾವು ಹೊರಡುವಾಗ ನೀನು ಬಾಗಿಲಲ್ಲಿ ನಿಂತು ಏನೋ ಅಂದೆ. ಆಗಲೇ ಟ್ರ್ಯಾಕ್ಟರು ಹೋಯಿತು, ನನಗೆ ಕೇಳಲಿಲ್ಲ. ಮತ್ತೆ ಕೇಳಿ ನಿನ್ನ ಗಂಟಲಿಗೆ ತ್ರಾಸ ಕೊಡಬಾರದೆಂದು ತಲೆ ಆಡಿಸಿ ಬಂದುಬಿಟ್ಟೆ. ಭಾಗ್ಯಾ ಮಾತ್ರ ನಿನ್ನ ಪಕ್ಕಕ್ಕೇ ನಿಂತಿದ್ದಳು.

ಜುಬಿಲಿ ಸರ್ಕಲ್‌ನಲ್ಲಿ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಹತ್ತಿ ಕುಳಿತ ಮೇಲೆ ಕೇಳಿದೆ, "ಅಕ್ಕ ಬಾಗಲದಾಗ ಏನೋ ಅಂದ್ರಲ್ಲ, ಏನದು?"

ಅವಳು ಕಿಟಕಿಯಿಂದ ಬೋರ್ಡುಗಳನ್ನು ಓದುತ್ತಿದ್ದಳು. ನನ್ನ ಕಡೆ ತಿರುಗದೆಯೇ ಹೇಳಿದಳು, "'ನಿಮ್ಮವ್ವ ನನಕಿಂತಾ ಛಲೋ ಓದ್ತಾಳ, ಮೊದಲಿಂದ್ಲೂ' ಅಂದ್ರು."

ಆಮೇಲೆ ನವನಗರ ದಾಟುವವರೆಗೆ ನಾನು ಮಾತಾಡಲಿಲ್ಲ. "ಯಾಕ ಮಮ್ಮಿ, ಗಂಟಲಾ ನೋಯ್ತತೇನು?" ಎಂದು ಕೇಳಿದಳು. ಹೌದು ಅಂದೆ.

ಮುಂದಿನ ಕಥೆ ಬರೆದಿದ್ದರೆ ಕಳಿಸು. ಸಾವಕಾಶ ಓದುತ್ತೇನೆ.

ನಿನ್ನ
ಆರತಿ